ತೆರೆಯದ ಚಿತ್ರಗಳ ಮುಂದೆ ಇರ್ಫಾನ್‌ವ್ಯೂ: ಹಲವು ವರ್ಷಗಳ ಬಳಕೆಯ ನಂತರ

ದಾವಣಗೆರೆಯ ಅಶೋಕ ರಸ್ತೆಯ ಹತ್ತಿರವಿರುವ ನನ್ನ ಡಿಟಿಪಿ ಮತ್ತು ಫೋಟೊ ಮುದ್ರಣದ ಅಂಗಡಿಯಲ್ಲಿ, ಚಿತ್ರಗಳನ್ನು ತೆರೆದು ನೋಡುವ ಇರ್ಫಾನ್‌ವ್ಯೂ ತಂತ್ರಾಂಶವನ್ನು 2011ರಿಂದ ದಿನವೂ ಬಳಸುತ್ತಿದ್ದೇನೆ. ಲಗ್ನಪತ್ರಿಕೆ, ಫ್ಲೆಕ್ಸ್, ಪುಣ್ಯತಿಥಿಯ ಭಾವಚಿತ್ರ ಎಂದು ಬರುವವರು ಪೆನ್‌ಡ್ರೈವಿನಲ್ಲೋ ಮೊಬೈಲಿನಲ್ಲೋ ತರುವ ಚಿತ್ರಗಳಲ್ಲಿ ಕೆಲವು ಯಾವುದರಲ್ಲೂ ತೆರೆಯದೆ ಸತಾಯಿಸುತ್ತವೆ. ಅಂಥ ಫೈಲು ಎದುರಾದಾಗ ಈ ತಂತ್ರಾಂಶ ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಬೇರೆ ದಾರಿ ಹುಡುಕಬೇಕಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಬೋಸ್ನಿಯಾ ಮೂಲದ ಇರ್ಫಾನ್ ಸ್ಕಿಲ್ಯಾನ್ 1996ರಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರತಂದರು. ಮನೆಬಳಕೆಗೆ ಇದು ಉಚಿತ. ವ್ಯಾಪಾರಕ್ಕೆ ಬಳಸುವವರು ಪರವಾನಗಿ ಶುಲ್ಕ ಕಟ್ಟಬೇಕು. ನಾನು ಕಟ್ಟಿದ್ದೇನೆ, ನಮ್ಮ ಕಸುಬಿನವರೆಲ್ಲ ಕಟ್ಟಬೇಕೆಂಬುದು ನನ್ನ ಅಭಿಪ್ರಾಯ.

ಇದರ ಉಪಯೋಗ ನನಗೆ ಪೂರ್ತಿ ಅರಿವಾದದ್ದು ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ತಂದ ಒಂದು ಸಿಡಿಯಿಂದ. ಅಮೆರಿಕದಲ್ಲಿದ್ದ ಅವರ ತಮ್ಮ ತೊಂಬತ್ತರ ದಶಕದಲ್ಲಿ ಊರಿಗೆ ಬಂದಾಗ ಮನೆಮಂದಿಯನ್ನೆಲ್ಲ ಕೋಟೆಗೆ ಕರೆದೊಯ್ದು ಫೋಟೊ ತೆಗೆದು, ಹಿಂದಿರುಗಿದ ಮೇಲೆ ನೆಗೆಟಿವ್‌ಗಳನ್ನು ಅಲ್ಲಿಯೇ ಸಿಡಿಗೆ ಹಾಕಿಸಿ ಕಳುಹಿಸಿದ್ದರಂತೆ. "ಮೂರು ಕಡೆ ತೋರಿಸಿದೆ ಕಣಪ್ಪಾ, ಸಿಡಿ ಹಾಳಾಗಿದೆ, ಬಿಸಾಕಿ ಅಂದ್ರು. ನಮ್ಮವ್ವ ಓಬವ್ವನ ಕಿಂಡಿ ಹತ್ರ ನಿಂತಿರೋದು ಅದರಲ್ಲಿ ಮಾತ್ರ ಇರೋದು" ಎಂದರು. ಸಿಡಿಯಲ್ಲಿದ್ದ ಫೈಲುಗಳ ಹೆಸರಿನ ಕೊನೆಯಲ್ಲಿ ಪಿಸಿಡಿ ಎಂದಿತ್ತು. ಅದು ಕೊಡಾಕ್ ಸಂಸ್ಥೆ 1992ರಲ್ಲಿ ಮಾರುಕಟ್ಟೆಗೆ ತಂದ ಫೋಟೊ ಸಿಡಿಯ ನಮೂನೆ.

ಮೊದಲು ಸಿಡಿಯಲ್ಲಿದ್ದುದೆಲ್ಲವನ್ನೂ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಂಡು, ಮೂಲ ಸಿಡಿಯನ್ನು ಅವರ ಕೈಗೇ ಕೊಟ್ಟೆ. ನಕಲು ಎಲ್ಲಿಯೂ ತಡೆಯದೆ ಮುಗಿದದ್ದರಿಂದ ಸಿಡಿ ಹಾಳಾಗಿರಲಿಕ್ಕಿಲ್ಲ ಎಂಬ ಧೈರ್ಯ ಬಂತು. ಆದರೂ ಇರ್ಫಾನ್‌ವ್ಯೂ ಆ ಫೈಲನ್ನು ತೆರೆಯಲಿಲ್ಲ. ವ್ಯೂ ಪಟ್ಟಿಯಲ್ಲಿರುವ ಹೆಕ್ಸ್ ನೋಟವನ್ನು (ಒಂದೊಂದು ಬೈಟನ್ನೂ ಎರಡು ಅಂಕಿ-ಅಕ್ಷರಗಳ ಸಂಕೇತವಾಗಿ ತೋರಿಸುವ ನೋಟ) ಆರಿಸಿ ಫೈಲಿನ ಒಳಗಿನ ಬೈಟುಗಳನ್ನೇ ನೋಡಿದೆ. ಜೆಪೆಗ್ ಆಗಿದ್ದರೆ ಮೊದಲಲ್ಲೇ 'ಎಫ್‌ಎಫ್ ಡಿ8' ಇರುತ್ತದೆ, ಪಿಎನ್‌ಜಿ ಆಗಿದ್ದರೆ ಎರಡನೆಯ ಬೈಟಿನಿಂದ ಅದರ ಹೆಸರೇ ಓದಲು ಸಿಗುತ್ತದೆ. ಫೋಟೊ ಸಿಡಿಯ ಗುರುತು ಮಾತ್ರ ಆರಂಭದಲ್ಲಿ ಇರುವುದಿಲ್ಲ. 2048 ಬೈಟುಗಳನ್ನು ದಾಟಿದ ಮೇಲೆ 'ಪಿಸಿಡಿ_ಐಪಿಐ' ಎಂಬ ಅಕ್ಷರಗಳು ಬರುತ್ತವೆ. ಅಲ್ಲಿ ಅವು ಇದ್ದವು. ಫೈಲು ಸರಿಯಾಗಿಯೇ ಇತ್ತು. ಕೊರತೆ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ: ಅಪರೂಪದ ನಮೂನೆಗಳಿಗೆ ಬೇಕಾದ ಪ್ಲಗಿನ್‌ಗಳನ್ನು, ಅಂದರೆ ಪೂರಕ ತಂತ್ರಾಂಶದ ತುಣುಕುಗಳನ್ನು, ಪ್ರತ್ಯೇಕವಾಗಿ ಇಳಿಸಿಕೊಂಡು ಹಾಕಬೇಕು, ಹೊಸ ಕಂಪ್ಯೂಟರಿಗೆ ಬದಲಾದಾಗ ನಾನು ಅವನ್ನು ಹಾಕಿರಲಿಲ್ಲ. ಮುಖ್ಯ ತಂತ್ರಾಂಶ 64 ಬಿಟ್‌ನದಾದರೆ ಪ್ಲಗಿನ್‌ಗಳೂ 64 ಬಿಟ್‌ನವೇ ಆಗಿರಬೇಕು ಎಂಬುದನ್ನು ಹೊಸಬರು ಗಮನದಲ್ಲಿಡಬೇಕು.

ಪ್ಲಗಿನ್ ಹಾಕಿದ ಮೇಲೆ ಚಿತ್ರ ತೆರೆದುಕೊಂಡಿತು, ಆದರೆ 768×512 ಅಳತೆಯಲ್ಲಿ. ಮುದ್ರಣಕ್ಕೆ ಇಂಚಿಗೆ 300 ಚುಕ್ಕಿಗಳಂತೆ ಲೆಕ್ಕ ಹಾಕಿದರೆ ಇದು ಎರಡೂವರೆ ಇಂಚು ಅಗಲಕ್ಕೇ ಮುಗಿಯುತ್ತದೆ. ಇಲ್ಲಿ ಅನೇಕರು ಇಷ್ಟೇ ಇರುವುದೆಂದು ತಿಳಿದು ಕೈಬಿಡುತ್ತಾರೆ. ಫೋಟೊ ಸಿಡಿಯ ಒಂದೊಂದು ಫೈಲಿನೊಳಗೂ ಒಂದೇ ಚಿತ್ರ 192×128ರಿಂದ 3072×2048ರವರೆಗೆ ಐದು ಅಳತೆಗಳಲ್ಲಿ ಅಡಗಿರುತ್ತದೆ. ಚಿಕ್ಕ ಮೂರು ಅಳತೆಗಳು ಇಡಿಯಾಗಿಯೇ ಇರುತ್ತವೆ. ದೊಡ್ಡ ಎರಡನ್ನು, ಅವುಗಳ ಕೆಳಗಿನ ಅಳತೆಗೂ ಅವಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಸಂಕೋಚಿಸಿ ಬರೆದಿಟ್ಟಿರುತ್ತಾರೆ. ಸೆಟ್ಟಿಂಗ್‌ನಲ್ಲಿ ದೊಡ್ಡ ಅಳತೆಯನ್ನು ಆರಿಸಿ ಮತ್ತೆ ತೆರೆದಾಗ, ಕಿಂಡಿಯ ಬಂಡೆಯ ಮೈಮೇಲಿನ ಒರಟೂ ಆ ತಾಯಿಯ ಸೀರೆಯ ಅಂಚೂ ಸ್ಪಷ್ಟವಾಗಿ ಕಂಡವು.

ಆಕಾಶ ಮಾತ್ರ ಬಿಳಿಚಿಕೊಂಡಿತ್ತು. ಈ ನಮೂನೆ ಸಾಧಾರಣ ಬಿಳಿಯನ್ನೂ ಮೀರಿದ ಬೆಳಕಿನ ವಿವರವನ್ನು ದಾಖಲಿಸುವುದರಿಂದ, ನೇರವಾಗಿ ಪರಿವರ್ತಿಸಿದಾಗ ಅತಿ ಬೆಳಕಿನ ಭಾಗಗಳು ಅಳಿಸಿಹೋಗುವುದುಂಟು. ಇದಕ್ಕೆಂದೇ ಇರುವ 'ಪಿಸಿಡಿಟುಜೆಪೆಗ್' ಎಂಬ ಚಿಕ್ಕ ಉಚಿತ ಸಾಧನದಿಂದ ಅದನ್ನು ಸರಿಪಡಿಸಿಕೊಂಡೆ. ಹಾಗಾಗಿ ಫೋಟೊ ಸಿಡಿಯನ್ನು ಗುರುತಿಸಲು, ನೋಡಲು ಇರ್ಫಾನ್‌ವ್ಯೂ ಸಾಕು, ಮುದ್ರಣಕ್ಕೆ ಒಯ್ಯುವ ಕೊನೆಯ ಪ್ರತಿಯನ್ನು ಅದಕ್ಕೆಂದೇ ಮಾಡಿದ ಸಾಧನದಿಂದ ತೆಗೆಯುವುದು ಮೇಲು.

ದಿನನಿತ್ಯ ಬರುವ ತೊಂದರೆಗಳು ಇಷ್ಟು ತೊಡಕಿನವಲ್ಲ. ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದಿದ್ದರೂ ಒಳಗಿರುವುದು ವೆಬ್‌ಪಿ ಅಥವಾ ಪಿಎನ್‌ಜಿ ಆಗಿರುವುದೇ ಹೆಚ್ಚು. ಇರ್ಫಾನ್‌ವ್ಯೂ ಹೆಸರಿನ ಕೊನೆಯ ಆ ವಿಸ್ತರಣೆಯನ್ನು ನಂಬಿ ಕೂರದೆ ಒಳಗನ್ನು ನೋಡಿ ತೆರೆಯುತ್ತದೆ, ಹೆಸರು ತಪ್ಪಿದೆ, ಬದಲಿಸಲೇ ಎಂದು ಕೇಳುತ್ತದೆ. ನನ್ನ ಮಟ್ಟಿಗೆ ಇದೊಂದು ಗುಣಕ್ಕಾಗಿಯೇ ಇದನ್ನು ಇಟ್ಟುಕೊಳ್ಳಬಹುದು. ಪಹಣಿ, ಕ್ರಯಪತ್ರಗಳನ್ನು ಸ್ಕ್ಯಾನ್ ಮಾಡಿದ ಹಲವು ಪುಟಗಳ ಟಿಫ್ ಫೈಲು ಬಂದರೆ ಎಲ್ಲ ಪುಟಗಳನ್ನೂ ತಿರುವಿ ನೋಡಬಹುದು.

ಆದರೆ ಹೆಕ್ಸ್ ನೋಟದಲ್ಲಿ ಮೊದಲಿನಿಂದ ಕೊನೆಯವರೆಗೆ ಬರೀ ಸೊನ್ನೆಗಳೇ ಕಂಡರೆ ಆ ಫೈಲಿನಲ್ಲಿ ಚಿತ್ರವೇ ಇಲ್ಲ, ಯಾವ ತಂತ್ರಾಂಶವೂ ಅದನ್ನು ತೆರೆಯಲಾರದು. ಆಗ ನಾನು ಗಿರಾಕಿಗೆ ಇದ್ದದ್ದನ್ನು ಇದ್ದಂತೆ ಹೇಳಿ, ಪೆನ್‌ಡ್ರೈವಿಗೆ ಇನ್ನೇನನ್ನೂ ತುಂಬಬೇಡಿ, ಮೂಲ ಚಿತ್ರ ಕ್ಯಾಮೆರಾದ ಕಾರ್ಡಿನಲ್ಲೋ ಕಳುಹಿಸಿದವರ ಮೊಬೈಲಿನಲ್ಲೋ ಉಳಿದಿದೆಯೇ ನೋಡಿ ಎನ್ನುತ್ತೇನೆ. ತೆರೆಯದ ಫೈಲನ್ನು, ಅದರಲ್ಲೂ ಮನೆಯ ಹೆಣ್ಣುಮಕ್ಕಳ ಫೋಟೊವನ್ನೋ ಆಸ್ತಿಪತ್ರವನ್ನೋ, ಗೊತ್ತುಗುರಿಯಿಲ್ಲದ ಪರಿವರ್ತನೆಯ ಜಾಲತಾಣಗಳಿಗೆ ಏರಿಸಬಾರದೆಂದು ಅಂಗಡಿಯ ಹುಡುಗರಿಗೂ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಇದು ವಿಂಡೋಸ್‌ಗೆಂದು ಮಾಡಿದ ತಂತ್ರಾಂಶ. ಬಣ್ಣ ನಿರ್ವಹಣೆಯನ್ನು (ಪರದೆಯಲ್ಲಿ ಬಣ್ಣ ಸರಿಯಾಗಿ ಕಾಣುವಂತೆ ಮಾಡುವ ವ್ಯವಸ್ಥೆ) ನಾವೇ ಸೆಟ್ಟಿಂಗ್‌ನಲ್ಲಿ ಚಾಲೂ ಮಾಡಿಕೊಳ್ಳಬೇಕಾದ್ದರಿಂದ, ಫ್ಲೆಕ್ಸಿನ ಬಣ್ಣವನ್ನು ಇದರ ಪರದೆ ನೋಡಿ ನಿರ್ಧರಿಸುವುದಿಲ್ಲ. ಮೇಷ್ಟ್ರಿಗೆ ಹತ್ತು ಇಂಚು ಅಗಲದ ಪ್ರತಿ ತೆಗೆದುಕೊಟ್ಟೆ. ಉಳಿದ ಚಿತ್ರಗಳನ್ನು ಟಿಫ್ ಆಗಿ ಉಳಿಸಿ, ಮೂಲ ಪಿಸಿಡಿ ಫೈಲುಗಳ ಜೊತೆಗೇ ಎರಡು ಪೆನ್‌ಡ್ರೈವುಗಳಿಗೆ ಹಾಕಿಕೊಟ್ಟಿದ್ದೇನೆ.