ಶಟರ್‌ನ ಸೈಡ್ ಮೋಟರ್: ತುಮಕೂರಿನಲ್ಲಿ ಎಷ್ಟು ಬಾಳುತ್ತದೆ, ಎಲ್ಲಿ ಕೈಕೊಡುತ್ತದೆ

ಬಿ.ಎಚ್. ರಸ್ತೆಯ ಅಂಗಡಿಯಾಗಲಿ, ಎಸ್.ಐ.ಟಿ. ಬಡಾವಣೆಯ ಮನೆಯ ಕೆಳಗಿನ ಕಾರ್ ಪಾರ್ಕಿಂಗ್ ಆಗಲಿ, ತುಮಕೂರಿನಲ್ಲಿ ಮೋಟರ್ ಶಟರ್ ಕೇಳಿದರೆ ಸಾಮಾನ್ಯವಾಗಿ ತೋರಿಸುವುದು ಸೈಡ್ ಮೋಟರನ್ನೇ. ಶಟರ್ ಸುತ್ತಿಕೊಳ್ಳುವ ಪೈಪಿನ ಒಂದು ತುದಿಗೆ ಬ್ರಾಕೆಟ್ ಪ್ಲೇಟ್, ಅದರ ಮೇಲೆ 230 ವೋಲ್ಟಿನ ಸಿಂಗಲ್ ಫೇಸ್ ಮೋಟರ್, ಅದರಿಂದ ಪೈಪಿಗೆ ಒಂದು ಚೈನು. 300, 600, 800, 1000 ಕೆ.ಜಿ. ಎಂಬ ಅಳತೆಗಳಲ್ಲಿ ಬರುತ್ತದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುವುದಾದರೆ, ಮಾಲು ಗಟ್ಟಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಅದರೊಳಗಿನ ಮೂರು ಭಾಗಗಳು, ಅಂದರೆ ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್, ಶಟರನ್ನು ನಿಂತಲ್ಲೇ ಹಿಡಿಯುವ ಬ್ರೇಕ್ ಮತ್ತು ಮೇಲೆ ಕೆಳಗೆ ತುದಿಯಲ್ಲಿ ನಿಲ್ಲಿಸುವ ಲಿಮಿಟ್ ಸ್ವಿಚ್, ಮೋಟರಿಗಿಂತ ಬಹಳ ಮೊದಲೇ ಸೋಲುತ್ತವೆ. "ಮೋಟರ್ ಹೋಗಿದೆ, ಹೊಸದು ಹಾಕಿಸಿ" ಎಂಬ ಮಾತು ಬರುವುದು ಬಹುಪಾಲು ಆಗಲೇ.

ಅಳತೆಯ ವಿಷಯ ಬೇಗ ಮುಗಿಸೋಣ. ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ, 18 ಗೇಜಿನ ಪಟ್ಟಿಯ ಶಟರ್ ಬಾಟಮ್ ಪ್ಲೇಟ್ ಸೇರಿ ಸುಮಾರು 110ರಿಂದ 120 ಕೆ.ಜಿ. ತೂಗುತ್ತದೆ. ಇದಕ್ಕೆ 300 ಕೆ.ಜಿ. ಮೋಟರ್ ಸಾಕು. ಅಂತರಸನಹಳ್ಳಿಯ ಗೋದಾಮುಗಳಲ್ಲಿರುವಂಥ ಹದಿನಾರು, ಹದಿನೆಂಟು ಅಡಿ ಅಗಲದ ಶಟರಿಗೆ 600 ಬೇಕು. ಶಟರಿನ ತೂಕದ ಒಂದೂವರೆ ಪಟ್ಟಾದರೂ ಮೋಟರಿನ ಅಳತೆ ಇರಲಿ. ಮನೆಯ ಶಟರಿಗೆ 800 ಹಾಕಿಸಿ ಎನ್ನುವವರ ಮಾತು ಕೇಳಬೇಕಿಲ್ಲ. ಶಟರ್ ಎಲ್ಲಾದರೂ ಸಿಕ್ಕಿಕೊಂಡಾಗ ದೊಡ್ಡ ಮೋಟರ್ ನಿಲ್ಲುವುದಿಲ್ಲ, ಪಟ್ಟಿಯನ್ನೇ ಬಗ್ಗಿಸಿ ಎಳೆಯುತ್ತದೆ.

ಇನ್ನು ಕೈಕೊಡುವ ಲಕ್ಷಣಗಳು. ಮೊದಲು ನೋಡಬೇಕಾದ್ದು ತೊಂದರೆ ಏನು ಎಂಬುದನ್ನಲ್ಲ, ಶಟರ್ ಎಲ್ಲಿ ಇದ್ದಾಗ ಎಂಬುದನ್ನು. ಪೂರ್ತಿ ಕೆಳಗಿರುವಾಗ ಅಷ್ಟೂ ಪಟ್ಟಿಗಳ ಭಾರ ಪೈಪಿನಿಂದ ನೇತಾಡುತ್ತಿರುತ್ತದೆ. ಮೇಲೇರಿದಂತೆ ಭಾರ ಕಡಿಮೆಯಾಗುತ್ತದೆ. ಹಾಗಾಗಿ ನೆಲದಿಂದ ಏಳುವ ಮೊದಲ ಅಡಿಯಲ್ಲೇ ತಿಣುಕಿದರೆ ದೋಷ ಕೆಪಾಸಿಟರಿನದು, ವೋಲ್ಟೇಜಿನದು ಅಥವಾ ಬ್ರೇಕಿನದು. ನಡುವೆ, ಪ್ರತಿಸಲ ಅದೇ ಜಾಗದಲ್ಲಿ ತಡವರಿಸಿದರೆ ಮೋಟರಿನ ತಪ್ಪಿಲ್ಲ: ಪಟ್ಟಿಗಳ ತುದಿ ಓಡುವ ಪಕ್ಕದ ಗೈಡ್ ಚಾನಲ್ ಬಗ್ಗಿದೆ, ಅಥವಾ ಒಂದು ಪಟ್ಟಿಯ ತುದಿಯ ಲಾಕ್ ಕಳಚಿ ಪಟ್ಟಿ ಪಕ್ಕಕ್ಕೆ ಸರಿದು ಚಾನಲನ್ನು ಉಜ್ಜುತ್ತಿದೆ. ಕೊನೆಯ ಒಂದಡಿಯಲ್ಲಿ ಕಿರ್ ಎಂದರೆ, ಸುತ್ತಿಕೊಂಡ ಶಟರ್ ಮೇಲಿನ ಹುಡ್ ಕವರಿಗೆ ತಾಗುತ್ತಿದೆ.

ಗುಂಯ್ ಎಂದು ಸದ್ದು ಮಾಡಿ ಅಲ್ಲಾಡದೆ ನಿಂತರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಸ್ವಿಚ್ ಒತ್ತಿ ಹಿಡಿದು ನೋಡುತ್ತಾ ನಿಲ್ಲಬೇಡಿ. ತಿರುಗದೆ ನಿಂತ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಒಳಗಿನ ತಂತಿಸುತ್ತು, ಅಂದರೆ ವೈಂಡಿಂಗ್, ಸುಡುವುದು ಆಗಲೇ. ಇಲ್ಲಿ ಮೇಸ್ತ್ರಿಗಳೂ ಮರೆಯುವ ಒಂದು ಪರೀಕ್ಷೆ ಇದೆ. ಈ ಮೋಟರಿನಲ್ಲಿ ಸಾಮಾನ್ಯವಾಗಿ ಎರಡು ಸಮಾನ ವೈಂಡಿಂಗ್, ನಡುವೆ ಒಂದೇ ಕೆಪಾಸಿಟರ್. ಮೇಲಕ್ಕೆ ಒಂದು ಮುಖ್ಯವಾದರೆ ಕೆಳಕ್ಕೆ ಇನ್ನೊಂದು. ಆದ್ದರಿಂದ ಶಟರ್ ಸರಾಗವಾಗಿ ಇಳಿದು, ಏರಿಸುವ ಬಟನ್ ಒತ್ತಿದಾಗ ಸದ್ದೇ ಇಲ್ಲದಿದ್ದರೆ ಕೆಪಾಸಿಟರ್ ಮತ್ತು ವೈಂಡಿಂಗ್ ಎರಡೂ ಚೆನ್ನಾಗಿವೆ. ಹುಡುಕಬೇಕಾದ್ದು ಏರಿಸುವ ಕಡೆಯ ರಿಲೇ (ಮೋಟರಿಗೆ ಕರೆಂಟ್ ಹಾಯಿಸುವ ಪುಟ್ಟ ಸ್ವಿಚ್), ಬಟನ್ ಅಥವಾ ಲಿಮಿಟ್ ಸ್ವಿಚ್‌ನಲ್ಲಿ. ಎರಡೂ ಕಡೆಗೆ ಗುಂಯ್ ಎಂದರೆ ಕೆಪಾಸಿಟರ್ ಬಿಚ್ಚಿಸಿ. ಎಂ.ಸಿ.ಬಿ. ಇಳಿಸಿ, ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಟೆಸ್ಟ್ ಲ್ಯಾಂಪಿನ ಮೂಲಕ ಖಾಲಿ ಮಾಡಿ, ಮಲ್ಟಿಮೀಟರಿನಲ್ಲಿ ಅಳೆಯಬೇಕು. ಮೈಮೇಲೆ 20 ಮೈಕ್ರೋಫ್ಯಾರಡ್ ಎಂದು ಬರೆದಿದ್ದು ಮೀಟರ್ 18ಕ್ಕಿಂತ ಕಡಿಮೆ ತೋರಿಸಿದರೆ ಬದಲಿಸಿ. ಹೊಸದರಲ್ಲಿ ಅದೇ ಅಂಕಿ ಇರಲಿ, ವೋಲ್ಟೇಜ್ 440ಕ್ಕೆ ಕಡಿಮೆ ಬೇಡ. "ಸ್ವಲ್ಪ ಜಾಸ್ತಿ ಹಾಕಿದರೆ ಪವರ್ ಬರುತ್ತೆ" ಎಂದು ದೊಡ್ಡದನ್ನು ಹಾಕಿಕೊಟ್ಟರೆ ಮೋಟರ್ ಬಿಸಿಯಾಗುತ್ತದೆ, ಅಷ್ಟೇ.

ಬೆಳಿಗ್ಗೆ ಸರಾಗ, ಸಂಜೆ ಏಳು ಗಂಟೆಗೆ ತಿಣುಕಾಟ ಎಂದಾದರೆ ಮೋಟರನ್ನು ಬಯ್ಯುವ ಮೊದಲು ವೋಲ್ಟೇಜ್ ನೋಡಿ. ಇಂಥ ಮೋಟರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಬರಬೇಕಾದಲ್ಲಿ 190 ಬಂದರೆ ವೋಲ್ಟೇಜ್ ಕುಸಿದದ್ದು ಶೇ. 17, ಬಲ ಕುಸಿದದ್ದು ಶೇ. 32. ಬೆಸ್ಕಾಂ ಮೀಟರಿನ ಬಳಿ 220 ಇದೆಯಲ್ಲ ಎಂದು ಸುಮ್ಮನಾಗಬೇಡಿ. ಮೋಟರ್ ತಿರುಗುತ್ತಿರುವಾಗ, ಮೋಟರಿನ ಟರ್ಮಿನಲ್‌ನಲ್ಲೇ ಎಲೆಕ್ಟ್ರಿಷಿಯನ್ ಅಳೆಯಬೇಕು. ಮಂಡಿಪೇಟೆಯಂಥ ಹಳೆ ಭಾಗದ ಉದ್ದುದ್ದ ಮಳಿಗೆಗಳಲ್ಲಿ ಹಿಂದಿನ ಮೀಟರ್ ಬೋರ್ಡಿನಿಂದ ಮುಂದಿನ ಶಟರಿನವರೆಗೆ ಲೈಟಿನ ತೆಳು ವೈರನ್ನೇ ಎಳೆದುಬಿಡುತ್ತಾರೆ. ಕನಿಷ್ಠ 1.5 ಚದರ ಮಿ.ಮೀ. ತಾಮ್ರದ ವೈರ್ ಬೇಕು; ಇಪ್ಪತ್ತು ಮೀಟರ್ ದಾಟಿದರೆ 2.5 ಇರಲಿ, ಬೇರೆ ಎಂ.ಸಿ.ಬಿ. ಇರಲಿ.

ಅರ್ಧ ದಾರಿಯಲ್ಲಿ ನಿಂತು, ಹದಿನೈದಿಪ್ಪತ್ತು ನಿಮಿಷ ಬಿಟ್ಟು ತಾನೇ ಓಡುವ ಮೋಟರ್ ಕೆಟ್ಟಿಲ್ಲ. ಒಳಗಿನ ಥರ್ಮಲ್ ಸ್ವಿಚ್ ತನ್ನ ಕೆಲಸ ಮಾಡಿದೆ. ಇವು ಸತತ ಓಡುವ ಮೋಟರುಗಳಲ್ಲ. ಮಕ್ಕಳು ರಿಮೋಟ್ ಹಿಡಿದು ಏಳೆಂಟು ಸಲ ಏರಿಸಿ ಇಳಿಸಿದರೆ ನಿಲ್ಲುವುದು ಸಹಜ. ಎರಡನೇ ಸಲಕ್ಕೇ ನಿಂತರೆ ಮಾತ್ರ ಯೋಚಿಸಬೇಕು: ಕೆಪಾಸಿಟರ್ ಸೊರಗಿದೆ, ಶಟರ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಪೂರ್ತಿ ಬಿಡುತ್ತಿಲ್ಲ.

ಈ ಬ್ರೇಕ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕರೆಂಟ್ ಇಲ್ಲದಾಗ ಸ್ಪ್ರಿಂಗ್ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ. ಕರೆಂಟ್ ಬಂದೊಡನೆ ಕಾಯಿಲ್ ಅದನ್ನು ಎಳೆದು ಬಿಡಿಸುತ್ತದೆ. ಹೀಗಾಗಿ ಇದು ಎರಡು ಬಗೆಯಲ್ಲಿ ಕೆಡಬಹುದು. ಕಾಯಿಲಿಗೆ ಕರೆಂಟ್ ಕೊಡುವ ಪುಟ್ಟ ರೆಕ್ಟಿಫೈಯರ್ ಸುಟ್ಟರೆ ಬ್ರೇಕ್ ಬಿಡುವುದೇ ಇಲ್ಲ. ಮೋಟರ್ ಗುಂಯ್ ಎನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ, ಎಲ್ಲರೂ ವೈಂಡಿಂಗ್ ಹೋಯಿತು ಎಂದುಕೊಳ್ಳುತ್ತಾರೆ. ಗುಂಯ್ ಎನ್ನುವ ಮೊದಲು ಹಿಂಬದಿಯಿಂದ ಸಣ್ಣ ಟಕ್ ಕೇಳಿಸಿದರೆ ಬ್ರೇಕ್ ಬಿಟ್ಟಿದೆ. ಕೇಳಿಸದಿದ್ದರೆ ಅಲ್ಲೇ ನೋಡಿಸಿ. ಎರಡನೆಯದು ಅಪಾಯದ್ದು: ಬ್ರೇಕ್ ಪ್ಲೇಟ್ ಸವೆದು, ಅಥವಾ ಗೇರ್‌ಬಾಕ್ಸಿನ ಗ್ರೀಸ್ ಜಿನುಗಿ ಅದರ ಮೇಲೆ ಬಿದ್ದು, ಹಿಡಿತ ಜಾರುವುದು. ಪರೀಕ್ಷೆ ಸುಲಭ. ಶಟರನ್ನು ಎದೆ ಎತ್ತರಕ್ಕೆ ನಿಲ್ಲಿಸಿ, ಬಾಟಮ್ ಪ್ಲೇಟಿನ ಮಟ್ಟದಲ್ಲಿ ಗೈಡ್ ಚಾನಲ್ ಮೇಲೆ ಪೆನ್ಸಿಲ್ ಗೆರೆ ಎಳೆದು, ಕೆಳಗೆ ಯಾರೂ ಓಡಾಡದಂತೆ ಅಡ್ಡ ಇಟ್ಟು ಒಂದು ಗಂಟೆ ಬಿಡಿ. ಗೆರೆಗಿಂತ ಒಂದು ಬೆರಳು ಇಳಿದಿದ್ದರೂ ಆವತ್ತಿನಿಂದ ಸ್ವಿಚ್ ಮುಟ್ಟಬೇಡಿ. ಬ್ರೇಕ್ ಗ್ಯಾಪ್ ಹೊಂದಿಸುವುದೋ ಪ್ಲೇಟ್ ಬದಲಿಸುವುದೋ ಫಿಟ್ಟರ್ ಕೆಲಸ, ಒಂದು ತಾಸಿನೊಳಗೆ ಆಗುವಂಥದ್ದು. ಆ ಶಟರಿನ ಕೆಳಗೆ ಕಾರು ನಿಲ್ಲಿಸಿಕೊಂಡು ಮುಂದಿನ ವಾರ ನೋಡೋಣ ಎನ್ನುವವರಿಗೆ ಏನು ಹೇಳುವುದು!

ಲಿಮಿಟ್ ಸ್ವಿಚ್ ಈ ಮಾಲಿನ ಅತಿ ಅಗ್ಗದ ಭಾಗ, ನಮ್ಮ ತಕರಾರು ಹೆಚ್ಚಿರುವುದೂ ಇದರ ಮೇಲೆಯೇ. ತಿರುಪಿನ ರಾಡಿನ ಮೇಲೆ ಎರಡು ಪ್ಲಾಸ್ಟಿಕ್ ನಟ್ ಅತ್ತಿತ್ತ ಸರಿದು, ತುದಿ ಮುಟ್ಟಿದಾಗ ಮೈಕ್ರೋಸ್ವಿಚ್ ಒತ್ತುತ್ತವೆ. ಶಟರ್ ಹೋದ ತಿಂಗಳು ಮೊದಲಿನ ಜಾಗಕ್ಕಿಂತ ಒಂದಿಂಚು ಮೇಲೆ ನಿಂತು, ಈಗ ಎರಡಿಂಚು ಮೇಲೆ ನಿಲ್ಲುತ್ತಿದ್ದರೆ ತಡಮಾಡಬೇಡಿ. ಮುಂದೊಂದು ದಿನ ಬಾಟಮ್ ಪ್ಲೇಟ್ ಹುಡ್ಡಿನೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕೆಳಗಿನ ಲಿಮಿಟ್ ತಪ್ಪಿದರೆ ನೆಲ ಮುಟ್ಟಿದ ಮೇಲೂ ಪೈಪು ತಿರುಗಿ, ಶಟರ್ ಉಲ್ಟಾ ಸುತ್ತಿಕೊಳ್ಳುತ್ತದೆ; ಆಗ ಪಟ್ಟಿಗಳ ಖರ್ಚೇ ಮೋಟರಿನಷ್ಟಾಗುತ್ತದೆ. ಆದರೆ ಲಿಮಿಟ್ ಮತ್ತೆ ಹೊಂದಿಸುವ ಮೊದಲು ಚೈನ್ ನೋಡಿ. ಲಿಮಿಟ್ ಲೆಕ್ಕ ಇಡುವುದು ಮೋಟರಿನ ಶಾಫ್ಟಿನ ಸುತ್ತುಗಳನ್ನು. ಸಡಿಲ ಚೈನ್ ಸ್ಪ್ರಾಕೆಟ್ಟಿನ ಒಂದು ಹಲ್ಲು ಹಾರಿದರೆ ಪೈಪು ಜಾಗ ತಪ್ಪುತ್ತದೆ, ಲಿಮಿಟ್ಟಿಗೆ ಅದರ ಸುಳಿವೇ ಇರುವುದಿಲ್ಲ. ಚೈನ್ ಬಿಗಿ ಮಾಡದೆ ನಟ್ ಮಾತ್ರ ತಿರುಗಿಸಿ ಹೋದ ಫಿಟ್ಟರನ್ನು ಹದಿನೈದು ದಿನಕ್ಕೆ ಮತ್ತೆ ಕರೆಯಬೇಕಾಗುತ್ತದೆ.

ರಿಮೋಟಿಗೆ ಸ್ಪಂದಿಸದೆ ಗೋಡೆಯ ಬಟನ್ನಿಗೆ ಓಡಿದರೆ ಮೋಟರ್ ಸುದ್ದಿಗೇ ಹೋಗಬೇಡಿ. ರಿಮೋಟಿನ ಸೆಲ್ ಬದಲಿಸಿ. ಹೆಚ್ಚಿನವುಗಳಲ್ಲಿರುವುದು 12 ವೋಲ್ಟಿನ 27ಎ ಸೆಲ್. ಕಂಟ್ರೋಲ್ ಬಾಕ್ಸಿನೊಳಗೆ ಹಲ್ಲಿ ಮತ್ತು ಇರುವೆ ನಮ್ಮ ಕಡೆ ನಿಜವಾದ ಶತ್ರುಗಳು. ವೈರ್ ಬರುವ ತೂತಿಗೆ ಕೇಬಲ್ ಗ್ಲ್ಯಾಂಡ್ ಹಾಕಿಸದಿದ್ದರೆ ಇರುವೆಗಳು ರಿಲೇಯೊಳಗೇ ಸಾಯುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಮಾತ್ರ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದರೆ ನೀರು ಲಿಮಿಟ್ ಬಾಕ್ಸಿಗೆ ಇಳಿಯುತ್ತಿದೆ ಎಂದು ತಿಳಿಯಿರಿ.

ದೋಷ ಮೋಟರಿನದೋ ಶಟರಿನದೋ ಎಂದು ತೀರ್ಮಾನಿಸಲು ಜೊತೆಗೆ ಕೊಟ್ಟ ಕೈಚೈನೇ ಸಾಕು. ಎಂ.ಸಿ.ಬಿ. ಇಳಿಸಿದ ಮೇಲೆಯೇ ಅದನ್ನು ಮುಟ್ಟಿ. ನಡುವೆ ಯಾರಾದರೂ ರಿಮೋಟ್ ಒತ್ತಿದರೆ ಬೆರಳು ಹೋಗುತ್ತದೆ. ಕೈಚೈನಿನಲ್ಲಿ ಶಟರ್ ಒಂದೇ ಸಮನೆ ಏರಿದರೆ ಶಟರ್ ಸರಿಯಿದೆ. ಎಳೆತ ಅಲ್ಲಲ್ಲಿ ಬಿಗಿಯಾದರೆ ಹೊಸ ಮೋಟರ್ ಹಾಕಿದರೂ ಅದೇ ಪಾಡು. ಗೈಡ್ ಚಾನಲಿಗೆ ಹಳೆ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ಬಿಡಿ. ರಸ್ತೆ ಅಗೆದಾಗಲೆಲ್ಲ ಏಳುವ ಧೂಳು ಅದಕ್ಕೆ ಅಂಟಿ ಸಾಣೆಕಲ್ಲಿನಂತೆ ಪಟ್ಟಿಯ ತುದಿಯನ್ನು ತೇಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಚೈನಿಗೆ ಮಾತ್ರ, ಅದೂ ತೆಳುವಾಗಿ.

ಪೈಪಿನ ನಡುವೆಯೇ ಕೂರಿಸುವ ಸೆಂಟ್ರಲ್ ಮೋಟರ್ ಅಗ್ಗ, ಹಗುರ ಶಟರಿಗೆ ಪರವಾಗಿಲ್ಲ. ಅಲ್ಲಿ ಭಾರ ಹೊರುವುದು ಪೈಪಿನ ಮೇಲಿನ ಸ್ಪ್ರಿಂಗು. ಮೋಟರ್ ಬರೀ ತಳ್ಳುತ್ತದೆ. ಕ್ಲಚ್ ಬಿಡಿಸಿದಾಗ ಶಟರ್ ಸೊಂಟದ ಎತ್ತರದಲ್ಲಿ ತಾನಾಗಿ ನಿಲ್ಲಬೇಕು. ಜಾರಿದರೆ ಸ್ಪ್ರಿಂಗ್ ಸೋತಿದೆ, ಅದನ್ನು ಬಿಟ್ಟು ಮೋಟರ್ ಬದಲಿಸುವುದು ದಂಡ. ಕೆಲವು ಹೊಸ ಮನೆಗಳಿಗೆ ಬರುತ್ತಿರುವ, ಚಾವಣಿಯಡಿ ಮಡಚಿಕೊಳ್ಳುವ ಗ್ಯಾರೇಜ್ ಬಾಗಿಲಿಗೂ ಇದೇ ಪರೀಕ್ಷೆ. ಅದರ ಸ್ಪ್ರಿಂಗನ್ನು ಮಾತ್ರ ನೀವೇ ಸ್ಪ್ಯಾನರ್ ಹಿಡಿದು ಬಿಚ್ಚಲು ಹೋಗಬೇಡಿ, ಕೈ ಮುರಿಯುವಷ್ಟು ಬಿಗಿ ಅದರಲ್ಲಿರುತ್ತದೆ.

ರಿಪೇರಿಯೋ ಹೊಸದೋ? ಕೆಪಾಸಿಟರ್, ರೆಕ್ಟಿಫೈಯರ್, ಬ್ರೇಕ್ ಪ್ಲೇಟ್, ಲಿಮಿಟ್ ಸೆಟ್, ರಿಲೇ ಬೋರ್ಡ್ ಇವಕ್ಕೆಲ್ಲ ರಿಪೇರಿಯೇ ಸರಿ. ವೈಂಡಿಂಗ್ ಸುಟ್ಟರೂ ಗಾಬರಿ ಬೇಡ, ಬೋರ್‌ವೆಲ್ ಮೋಟರ್ ಕಟ್ಟುವ ಕೈಗಳಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ತಾಮ್ರದಲ್ಲೇ ಕಟ್ಟಿಕೊಡಿ ಎಂದು ಮೊದಲೇ ಮಾತಾಡಿಕೊಳ್ಳಿ. ಗೇರ್ ಹಲ್ಲು ಸವೆದು, ಗ್ರೀಸಿನಲ್ಲಿ ಮಿನುಗುವ ಲೋಹದ ಪುಡಿ ಕಂಡರೆ ಹೊಸ ಮೋಟರ್ ತನ್ನಿ. ತರುವಾಗ ರಿಮೋಟ್ ಎಷ್ಟು ಕೊಡುತ್ತಾರೆ ಎಂದು ಕೇಳುವುದಕ್ಕಿಂತ ಲಿಮಿಟ್ ಸೆಟ್ ಮತ್ತು ಬ್ರೇಕ್ ಪ್ಲೇಟ್ ಅದೇ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಬೆಂಗಳೂರಿನಿಂದ ತರಿಸಬೇಕು ಎಂದರೆ ಒಂದೊಂದು ಸೆಟ್ ಆಗಲೇ ಬಿಲ್ಲಿಗೆ ಸೇರಿಸಿ ತೆಗೆದುಕೊಳ್ಳಿ.