ಪ್ಲಾನ್ ಅವರದು, ಕತ್ತರಿ ನನ್ನದು
ಫೋನಿನಲ್ಲಿ ಕೊಂಡ 12 ವಾರದ ಸ್ಟ್ರೆಂತ್ ಪ್ಲಾನ್ ಇದು, ಅಂದರೆ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮದ ಪಟ್ಟಿ. ವಾರದ ಮೂರೂ ದಿನ ಕಾಲಿನದೇ ದರ್ಬಾರು. ಸ್ಕ್ವಾಟ್ (ಬಸ್ಕಿಯಂಥದ್ದು), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು), ಮತ್ತೆ ಸ್ಕ್ವಾಟ್. ನನ್ನ ತೊಡೆ ಮೊದಲೇ ದಪ್ಪ, ಭುಜ ಸಣ್ಣ. ಐದನೇ ವಾರ ಜೀನ್ಸ್ ತೊಡೆಯಲ್ಲೇ ಸಿಕ್ಕಿಕೊಂಡಿತು. ಶರ್ಟಿನ ಭುಜ ಮಾತ್ರ ಇನ್ನೂ ಜೋತಾಡುತ್ತಿತ್ತು.

ಆಮೇಲೆ ನಾನೇ ಕತ್ತರಿ ಹಾಕಿದೆ. ವಾರಕ್ಕೆ 12 ಸೆಟ್ (ಸುತ್ತು) ಇದ್ದ ಸ್ಕ್ವಾಟನ್ನು 5ಕ್ಕೆ ಇಳಿಸಿದೆ. ಇದ್ದ ಶಕ್ತಿ ಉಳಿಯಲು ನನಗೆ ಅಷ್ಟು ಸಾಕಾಯಿತು. ಉಳಿದ ಸಮಯವೆಲ್ಲ ಬೆನ್ನು, ಭುಜಕ್ಕೆ: ರೋ (ತೂಕವನ್ನು ಮೈಕಡೆ ಎಳೆಯುವುದು), ಓವರ್‌ಹೆಡ್ ಪ್ರೆಸ್ (ತಲೆಯ ಮೇಲಕ್ಕೆ ಎತ್ತುವುದು), ಲ್ಯಾಟರಲ್ ರೈಸ್ (ಕೈಗಳನ್ನು ಪಕ್ಕಕ್ಕೆ ಎತ್ತುವುದು). ಕೊನೆಯದಕ್ಕೆ 3 ಕೆಜಿ ಡಂಬೆಲ್ ಹಿಡಿದೆ. ಸುಮ್ನೆ ಜಂಬಕ್ಕೆ 5 ಕೆಜಿ ಎತ್ತಿದ ದಿನ ನೋವು ಬಂದಿದ್ದು ಭುಜಕ್ಕಲ್ಲ, ಕುತ್ತಿಗೆಗೆ! ಈಗ ಶರ್ಟಿನ ಹೊಲಿಗೆ ಭುಜದ ತುದಿಗೇ ಕೂರುತ್ತದೆ.

ಪ್ಲಾನಿನ ವಿಡಿಯೊಗಳು ಚೆನ್ನಾಗಿವೆ. ಆದರೆ ‘ತೊಡೆ ಕರಗಿಸಿ’ ಅನ್ನೋ ಜಾಹೀರಾತು ಜಾಸ್ತಿಯಾಯಿತು. ಬೇಕಾದ ಕಡೆಯಷ್ಟೇ ಕೊಬ್ಬು ಕರಗುವುದಿಲ್ಲ, ಅಲ್ವಾ? ಐದಕ್ಕೆ ಮೂರು ಸ್ಟಾರ್.