ಸ್ವಯಂಸೇವಕ ನ್ಯಾಚುರಲಿಸ್ಟ್ ಆಗಲು ಮೂರು ದಾರಿಗಳು: ಕೋರ್ಸು, ಆ್ಯಪ್ ಮತ್ತು ಹಿರಿಯರೊಡನೆ ನಡಿಗೆ

ತಾವು ವಾಸಿಸುವ ಜಾಗದ ಗಿಡಮರ, ಹಕ್ಕಿ, ಕೀಟಗಳನ್ನು ಗುರುತಿಸಿ, ದಾಖಲಿಸಿ, ನೆರೆಹೊರೆಯವರಿಗೂ ಮಕ್ಕಳಿಗೂ ಪರಿಚಯಿಸುವುದು ಸ್ವಯಂಸೇವಕ ನ್ಯಾಚುರಲಿಸ್ಟರ ಕೆಲಸ. ಸಂಬಳವಿಲ್ಲದ ಕೆಲಸವಾದರೂ ಇದಕ್ಕೆ ಒಳ್ಳೆಯ ತಯಾರಿ ಬೇಕು. ಆ ತಯಾರಿಗೆ ಮುಖ್ಯವಾಗಿ ಮೂರು ದಾರಿಗಳಿವೆ: ಪ್ರಮಾಣಪತ್ರ ನೀಡುವ ತರಬೇತಿ ಕೋರ್ಸು, ಐನ್ಯಾಚುರಲಿಸ್ಟ್ ಮತ್ತು ಇಬರ್ಡ್‌ನಂಥ ಆ್ಯಪ್‌ಗಳ ಸಹಾಯದಿಂದ ಸ್ವಂತ ಕಲಿಕೆ, ಅನುಭವಿ ನ್ಯಾಚುರಲಿಸ್ಟರೊಬ್ಬರ ಜೊತೆ ನಿಯಮಿತ ನಡಿಗೆ. ಮೂರರಲ್ಲೂ ನಾನು ಸಾಕಷ್ಟು ಕಾಲ ಕಳೆದಿದ್ದೇನೆ. ಮೊದಲು ಕೋರ್ಸು ಮುಗಿಸಿ, ಆಮೇಲೆ ಬಯಲಿಗೆ ಇಳಿಯೋಣ ಎಂದು ಹೆಚ್ಚಿನವರು ಯೋಚಿಸುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಕಲಿಕೆ ಗಟ್ಟಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಂಥ ಕೋರ್ಸುಗಳಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ಟೆಕ್ಸಸ್‌ನಲ್ಲಿ 1998ರಲ್ಲಿ ರಾಜ್ಯಮಟ್ಟದ ರೂಪ ಪಡೆದ ಮಾಸ್ಟರ್ ನ್ಯಾಚುರಲಿಸ್ಟ್ ಕಾರ್ಯಕ್ರಮ. ಅಲ್ಲಿ ಕನಿಷ್ಠ 40 ಗಂಟೆಗಳ ತರಬೇತಿ ಪಡೆದವರು 40 ಗಂಟೆಗಳ ಸ್ವಯಂಸೇವೆಯನ್ನೂ 8 ಗಂಟೆಗಳ ಮುಂದುವರಿದ ತರಬೇತಿಯನ್ನೂ ಪೂರೈಸಿದ ಮೇಲೆಯೇ ಪ್ರಮಾಣಪತ್ರ ಸಿಗುತ್ತದೆ. ನಾನು ಸೇರಿದ ಕೋರ್ಸೂ ಬಹುಮಟ್ಟಿಗೆ ಇದೇ ಅಚ್ಚಿನದು. ಅದರ ದೊಡ್ಡ ಗುಣವೆಂದರೆ ಕ್ರಮ. ಬಂಡೆಯಿಂದ ಮಣ್ಣು, ಮಣ್ಣು ಮತ್ತು ನೀರಿನಿಂದ ಸಸ್ಯ, ಸಸ್ಯದಿಂದ ಕೀಟ, ಕೀಟದಿಂದ ಹಕ್ಕಿ ಎಂದು ಪಾಠಗಳು ಸಾಗುವುದರಿಂದ, ಒಂದು ಗಿಡ ಅಲ್ಲೇ ಏಕೆ ಬೆಳೆದಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಹಾದಿ ಕಾಣಿಸುತ್ತದೆ. ಬೇರೆ ಎರಡು ದಾರಿಗಳಲ್ಲಿ ಈ ಒಟ್ಟುನೋಟ ತಾನಾಗಿ ಒದಗುವುದಿಲ್ಲ.

ಸಸ್ಯಗಳ ತರಗತಿಯಲ್ಲಿ ಗುಲಾಬಿಯ ರೆಂಬೆಯೊಂದನ್ನು ಎಲ್ಲರ ಕೈಗೂ ಕೊಟ್ಟು, ಇದರಲ್ಲಿ ಒಂದು ಎಲೆಯನ್ನು ಮಾತ್ರ ತೋರಿಸಿ ಎಂದರು. ಹಲವರು ಹಲ್ಲಿನಂಚಿನ ಒಂದೊಂದು ಹಸಿರು ತುಣುಕನ್ನೂ ಎಲೆಯೆಂದು ತೋರಿಸಿದರು. ಮೊಗ್ಗು ಎಲ್ಲಿದೆ ನೋಡಿ ಎಂದು ಶಿಕ್ಷಕರು ಹೇಳಿದಾಗ ವಿಷಯ ಬಿಡಿಸಿಕೊಂಡಿತು: ಆ ತುಣುಕುಗಳ ಬುಡದಲ್ಲಿ ಮೊಗ್ಗಿಲ್ಲ, ಅವುಗಳನ್ನು ಹೊತ್ತ ತೊಟ್ಟು ರೆಂಬೆಗೆ ಸೇರುವ ಕಂಕುಳಲ್ಲಿ ಮಾತ್ರ ಇದೆ. ಆದ್ದರಿಂದ ಐದೋ ಏಳೋ ಕಿರುಎಲೆಗಳು ಸೇರಿ ಒಂದೇ ಸಂಯುಕ್ತ ಎಲೆ. ಒಂದೊಂದೇ ಲಕ್ಷಣವನ್ನು ಕೇಳುತ್ತ ಸಸ್ಯಗಳನ್ನು ಗುರುತಿಸುವ ಕೀಲಿಪಟ್ಟಿಗಳ ಮೊದಲ ಕವಲುಗಳಲ್ಲೇ ಈ ವ್ಯತ್ಯಾಸ ಎದುರಾಗುತ್ತದೆ. ಅಂದು ನಾನು ಗಮನಿಸಿದ ಇನ್ನೊಂದು ಸಂಗತಿಯೆಂದರೆ, ಮೊದಲೇ ಗಿಡಗಳ ಮುಂದೆ ನಿಂತು ತಲೆಕೆಡಿಸಿಕೊಂಡಿದ್ದವರಿಗೆ ಈ ಪಾಠ ಒಡನೆಯೇ ದಕ್ಕಿತು, ಉಳಿದವರು ಅದನ್ನು ಬರೆದುಕೊಂಡರು. ಕೋರ್ಸಿನ ಕೊರತೆಯೂ ಇದೇ. ವಾರಕ್ಕೊಂದು ವಿಷಯ, ವಿಷಯಕ್ಕೊಬ್ಬ ತಜ್ಞರು ಎಂಬ ವ್ಯವಸ್ಥೆಯಲ್ಲಿ, ಕೇಳಬೇಕಾದ ಪ್ರಶ್ನೆಗಳು ಹುಟ್ಟುವ ಹೊತ್ತಿಗೆ ಆ ತಜ್ಞರು ಹೊರಟುಹೋಗಿರುತ್ತಾರೆ.

ಆ್ಯಪ್‌ಗಳ ದಾರಿ ಇದಕ್ಕೆ ತದ್ವಿರುದ್ಧ. ಇಲ್ಲಿ ಪಠ್ಯಕ್ರಮವಿಲ್ಲ, ಕಣ್ಣಿಗೆ ಬಿದ್ದದ್ದೇ ಪಾಠ. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐನ್ಯಾಚುರಲಿಸ್ಟ್‌ನಲ್ಲಿ ಫೋಟೊ ಅಥವಾ ಧ್ವನಿ, ದಿನಾಂಕ, ಸ್ಥಳ ಇರುವ ಕಾಡುಜೀವಿಯ ದಾಖಲೆಯನ್ನು ಇತರ ಬಳಕೆದಾರರು ಪರಿಶೀಲಿಸುತ್ತಾರೆ. ಗುರುತಿಸಿದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಮಂದಿ ಪ್ರಭೇದದ ಹೆಸರನ್ನು ಒಪ್ಪಿದಾಗ ಅದು ರಿಸರ್ಚ್ ಗ್ರೇಡ್, ಅಂದರೆ ಸಂಶೋಧನೆಗೆ ಬಳಸಬಹುದಾದ ದರ್ಜೆಯದು, ಆಗುತ್ತದೆ. ಎಲ್ಲೋ ಇರುವ ಜೇಡ ತಜ್ಞರೊಬ್ಬರು ನಮ್ಮ ಮಸುಕು ಚಿತ್ರವನ್ನು ನೋಡಿ, ಕಣ್ಣುಗಳ ಜೋಡಣೆ ಕಾಣುವಂತೆ ಮುಂಭಾಗದಿಂದ ತೆಗೆಯಿರಿ ಎಂದು ಬರೆಯುವ ಔದಾರ್ಯವನ್ನು ನಾನು ಬಹಳ ಗೌರವಿಸುತ್ತೇನೆ. ಅಣಬೆಯಾದರೆ ಮೇಲಿನ ಟೋಪಿಯೊಂದೇ ಸಾಲದು. ಕೆಳಗಿನ ಪದರಗಳು, ಕಾಂಡ, ಬುಡ, ಅದು ಬೆಳೆದ ಕಟ್ಟಿಗೆ ಅಥವಾ ಮಣ್ಣು ಎಲ್ಲವೂ ಚಿತ್ರದಲ್ಲಿ ಬರಬೇಕು ಎಂಬುದನ್ನೂ ನಾನು ಇಂಥ ಸೂಚನೆಗಳಿಂದಲೇ ಕಲಿತೆ.

ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಆರಂಭಿಸಿದ ಇಬರ್ಡ್ ಬೇರೆ ಬಗೆಯ ಶಿಸ್ತನ್ನು ಬೇಡುತ್ತದೆ. ಕಂಡು, ಕೇಳಿ, ಗುರುತಿಸಲಾದ ಎಲ್ಲ ಹಕ್ಕಿಗಳನ್ನೂ ಬರೆದಾಗ ಮಾತ್ರ ಅದನ್ನು ಪೂರ್ಣ ಚೆಕ್‌ಲಿಸ್ಟ್ ಎನ್ನಬಹುದು. ಕಾಗೆ, ಗುಬ್ಬಚ್ಚಿಗಳನ್ನು ಬಿಟ್ಟು ಅಪರೂಪದವನ್ನಷ್ಟೇ ಬರೆದರೆ, ಪಟ್ಟಿಯಲ್ಲಿಲ್ಲದ ಹಕ್ಕಿ ಅಂದು ಕಾಣಲಿಲ್ಲವೋ ಅಥವಾ ಯಾರೂ ಬರೆಯಲಿಲ್ಲವೋ ತಿಳಿಯುವುದಿಲ್ಲ. ಊರಿನ ಜೀವವೈವಿಧ್ಯದ ಏರಿಳಿತವನ್ನು ತಿಳಿಯಬೇಕಾದ ಸ್ವಯಂಸೇವಕರಿಗೆ ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ಮತ್ತೊಂದಿಲ್ಲ.

ಆದರೆ ಆ್ಯಪ್ ಹೆಸರು ಸೂಚಿಸಿದ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸುವ ಅಪಾಯವಿದೆ. ಮರ್ಲಿನ್ ಆ್ಯಪ್ ಕೂಗಿನಿಂದ ಹಕ್ಕಿಯನ್ನು ಗುರುತಿಸುತ್ತದೆ ನಿಜ, ಆದರೆ ಆ ಕೂಗು ಎಚ್ಚರಿಕೆಯದೋ ಸಂಗಾತಿಯನ್ನು ಕರೆಯುವುದೋ ಎಂದು ನಾವೇ ನಿಂತು ನೋಡಬೇಕು. ಸೂಚನೆಯನ್ನು ತೆರೆಯುವ ಮೊದಲು ನಮ್ಮ ಊಹೆಯನ್ನೂ ಅದಕ್ಕೆ ಕಾರಣವನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಈ ತೊಂದರೆ ಬಹಳಮಟ್ಟಿಗೆ ತಪ್ಪುತ್ತದೆ. ಚಿತ್ರದಿಂದ ಪ್ರಭೇದ ನಿಶ್ಚಯವಾಗದಿದ್ದಾಗ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಹೆಸರಿಗೇ ನಿಲ್ಲಿಸುವುದು ಪ್ರಾಮಾಣಿಕ ಕ್ರಮ.

ಮೂರನೆಯದು ಹಿರಿಯರೊಡನೆ ನಡಿಗೆ. ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದ ಹಿರಿಯರು ಒಂದೇ ಹಾದಿಯಲ್ಲಿ, ಒಂದೇ ಹೊತ್ತಿನಲ್ಲಿ, ಋತು ಬದಲಾದರೂ ಹಾದಿ ಬದಲಿಸದೆ ನಡೆಯುತ್ತಿದ್ದರು. ಬ್ರಿಟನ್ನಿನಲ್ಲಿ 1976ರಿಂದ ನಡೆದುಬಂದಿರುವ ಚಿಟ್ಟೆ ಸಮೀಕ್ಷೆಗೂ ಗೊತ್ತುಪಡಿಸಿದ ಹಾದಿಯೇ ಆಧಾರ. ಅಲ್ಲಿ ನಡೆಯುವವರು ಒಂದೇ ವೇಗದಲ್ಲಿ ಸಾಗುತ್ತ 5 ಮೀಟರ್ ಅಗಲ, ಮುಂದಕ್ಕೆ 5 ಮೀಟರ್ ವ್ಯಾಪ್ತಿಯೊಳಗಿನ ಚಿಟ್ಟೆಗಳನ್ನು ಮಾತ್ರ ಎಣಿಸುತ್ತಾರೆ. ಪ್ರತಿಸಲ ಹೊಸ ಜಾಗ ಹುಡುಕಿ ಹೊರಡುವವರಿಗೆ ಸಿಗದ ಹೋಲಿಕೆಯ ಶಕ್ತಿ ಇಂಥ ಪುನರಾವರ್ತನೆಯಿಂದ ಬರುತ್ತದೆ.

ಅವರು ಹೆಸರು ಹೇಳಲು ಅವಸರಪಡುತ್ತಿರಲಿಲ್ಲ. ಒಮ್ಮೆ ಎಲೆಯೊಂದರ ಮೇಲೆ ಬಿಳಿಯ ಸುತ್ತುಬಳಸು ಗೆರೆ ಕಂಡಾಗ, ಇದು ಎಲ್ಲಿಂದ ಶುರುವಾಗಿದೆ ಹೇಳಿ ಎಂದು ಕೇಳಿದರು. ಗೆರೆ ಒಂದು ತುದಿಯಲ್ಲಿ ನೂಲಿನಷ್ಟು ಸಣ್ಣದಾಗಿದ್ದು ಮುಂದೆ ಸಾಗಿದಂತೆ ಅಗಲವಾಗಿತ್ತು. ಎಲೆಯ ಎರಡು ಪದರಗಳ ನಡುವೆ ತಿನ್ನುತ್ತ ಸಾಗಿದ ಮರಿಹುಳು ಬೆಳೆದಂತೆಲ್ಲ ಅದರ ಸುರಂಗವೂ ಅಗಲವಾಗುತ್ತದೆ, ಆದ್ದರಿಂದ ಸಣ್ಣ ತುದಿಯಲ್ಲೇ ಮೊಟ್ಟೆ ಇದ್ದದ್ದು. ಎಲೆಯನ್ನು ಬೆಳಕಿಗೆ ಹಿಡಿದಾಗ ಗೆರೆಯ ನಡುವೆ ಹಿಕ್ಕೆಯ ಕಪ್ಪು ಚುಕ್ಕೆಗಳ ಸಾಲೂ, ಅಗಲ ತುದಿಯಲ್ಲಿ ಇನ್ನೂ ಮಿಸುಕುತ್ತಿದ್ದ ಹುಳುವೂ ಕಂಡವು. ಅದು ಯಾವ ಪ್ರಭೇದವೆಂದು ನಮಗೆ ಅಂದು ತಿಳಿಯಲಿಲ್ಲ. ಹಾಗಿದ್ದರೂ ಜೊತೆಗಿದ್ದ ಮಕ್ಕಳು ಮುಂದಿನ ಗಿಡಗಳಲ್ಲೆಲ್ಲ ಸಣ್ಣ ತುದಿಯನ್ನು ಹುಡುಕುತ್ತ ಹೋದರು. ಜನರ ನಡುವೆ ಕೆಲಸ ಮಾಡುವ ನ್ಯಾಚುರಲಿಸ್ಟರಿಗೆ ಬೇಕಾದ, ಪ್ರಶ್ನೆಯಿಂದಲೇ ಕುತೂಹಲ ಹುಟ್ಟಿಸುವ ಈ ಕಲೆಯನ್ನು ಕೋರ್ಸಿನಲ್ಲಿ ಒಂದು ಅವಧಿಯ ಉಪನ್ಯಾಸವಾಗಿ ಕೇಳಿದ್ದೆ, ಆ್ಯಪ್‌ನಲ್ಲಿ ಎಲ್ಲೂ ಕಂಡಿರಲಿಲ್ಲ.

ಟಿಪ್ಪಣಿ ಪುಸ್ತಕದ ಶಿಸ್ತೂ ಈ ನಡಿಗೆಯಿಂದಲೇ ಬಂತು. ಪ್ರಾಣಿವಿಜ್ಞಾನಿ ಜೋಸೆಫ್ ಗ್ರಿನೆಲ್ 20ನೇ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಢಿಸಿದ ದಿನಚರಿಯ ಪದ್ಧತಿ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಸುಮಾರು ನೂರು ವರ್ಷಗಳ ಬಳಿಕ ವಿಜ್ಞಾನಿಗಳು ಅದೇ ತಾಣಗಳಿಗೆ ಮರಳಿ ಪ್ರಾಣಿಪಕ್ಷಿಗಳ ಮರುಸಮೀಕ್ಷೆ ನಡೆಸಲು ಸಾಧ್ಯವಾಯಿತು. ಸಮಯ, ಹವೆ, ಸ್ಥಳ, ಕಂಡದ್ದು, ಕಾಣದೆ ಹೋದದ್ದು ಇಷ್ಟನ್ನು ಅಲ್ಲೇ ನಿಂತು ಬರೆಯುವವರ ದಾಖಲೆ ಮುಂದೆ ಯಾರಿಗೋ ಬೇಕಾಗುತ್ತದೆ.

ಈ ದಾರಿಯ ಮಿತಿಗಳು ಸಣ್ಣವಲ್ಲ. ಇಂಥ ಹಿರಿಯರು ಸಿಗುವುದೇ ಕಷ್ಟ. ಸಿಕ್ಕರೂ ಅವರ ಆಸಕ್ತಿ ಹಕ್ಕಿಗೋ ಚಿಟ್ಟೆಗೋ ಸೀಮಿತವಾಗಿದ್ದರೆ ನಮ್ಮದೂ ಅಲ್ಲಿಗೇ ನಿಲ್ಲುತ್ತದೆ, ಮತ್ತು ಅವರು ಹೇಳಿದ್ದನ್ನು ಪರಿಶೀಲಿಸಲು ಇನ್ನೊಬ್ಬರು ಜೊತೆಗಿರುವುದಿಲ್ಲ. ಆ್ಯಪ್ ಇಲ್ಲಿ ಒಳ್ಳೆಯ ಜೊತೆ, ಏಕೆಂದರೆ ಹಿರಿಯರ ಗುರುತಿಸುವಿಕೆಯನ್ನೂ ಇನ್ನಾರೋ ಗೌರವದಿಂದ ತಿದ್ದಬಲ್ಲರು. ಶಾಲೆಗಳು ಅಥವಾ ಸಂರಕ್ಷಿತ ತಾಣಗಳು ಪ್ರಮಾಣಪತ್ರ ಕೇಳಿದಾಗ ನಡಿಗೆಯೂ ಆ್ಯಪ್ಪೂ ಕೆಲಸಕ್ಕೆ ಬರುವುದಿಲ್ಲ.

ನಿಖರವಾಗಿ ಗುರುತಿಸುವುದಷ್ಟೇ ಗುರಿಯಾದರೆ ಆ್ಯಪ್‌ಗಳು ಮುಂದಿವೆ, ವಿಷಯಗಳ ನಡುವಿನ ನಂಟಿಗೆ ಕೋರ್ಸು. ಜನರೆದುರು ನಿಂತು ಮಾತನಾಡುವ ಧೈರ್ಯವನ್ನೂ ಒಂದು ಜಾಗದ ಬಗೆಗಿನ ಆಳವಾದ ತಿಳಿವಳಿಕೆಯನ್ನೂ ನನಗೆ ಕೊಟ್ಟದ್ದು ನಡಿಗೆ, ಹಾಗಾಗಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ನಡಿಗೆಯನ್ನೇ ಆರಿಸುತ್ತೇನೆ. ಮೂರಕ್ಕೂ ಅವಕಾಶವಿದ್ದವರು ಹತ್ತಿರದ ಒಂದು ಹಾದಿಯನ್ನು ಗೊತ್ತುಮಾಡಿಕೊಂಡು ಆ್ಯಪ್‌ನೊಂದಿಗೆ ಆರಂಭಿಸಿ, ಜೊತೆಗಾರ ಹಿರಿಯರನ್ನು ಹುಡುಕಿ, ಎಲ್ಲ ಋತುಗಳನ್ನೂ ಅದೇ ಹಾದಿಯಲ್ಲಿ ಕಂಡ ಮೇಲೆ ಕೋರ್ಸಿಗೆ ಸೇರಲಿ. ಸೇರುವಾಗ ಆಯೋಜಕರಿಗೆ ಮೂರು ಪ್ರಶ್ನೆ ಕೇಳಬೇಕು: ತರಬೇತಿಯ ಎಷ್ಟು ಭಾಗ ಬಯಲಿನಲ್ಲಿ ನಡೆಯುತ್ತದೆ, ಸೇವೆಯ ಗಂಟೆಗಳಿಗೆ ನಿರ್ದಿಷ್ಟ ತಾಣ ಮತ್ತು ಕೆಲಸವನ್ನು ಗೊತ್ತುಪಡಿಸುತ್ತಾರೆಯೇ, ಕೋರ್ಸು ಮುಗಿದ ನಂತರವೂ ಆ ತಂಡ ಸೇರುತ್ತಿರುತ್ತದೆಯೇ. ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಕೋರ್ಸು ನೋಡುವುದು ಒಳ್ಳೆಯದು.